ಕಾಫಿಯ ಅಕ್ಷರಾಭ್ಯಾಸ

ನಮ್ಮ ಗಂಗಾವತಿ ಭತ್ತದ ಸೀಮೆ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹರಿದಂದಿನಿಂದ ಇಲ್ಲಿ ಗದ್ದೆಯೇ ಬದುಕು. ಅಕ್ಕಿಯ ಗಿರಣಿಗಳ ಸಪ್ಪಳವೇ ಊರಿನ ಉಸಿರು. ಪೇಯದ ಮಾತು ಬಂದರೆ ಇಲ್ಲಿಯವರಿಗೆ ಚಹವೇ ಪ್ರಿಯ. ಬಸ್ಸಿನ ನಿಲ್ದಾಣದಲ್ಲಾಗಲಿ, ಗದ್ದೆಯ ಬದುವಿನ ಮೇಲಾಗಲಿ, ಬಂದವರಿಗೆ ಮೊದಲು ಕೇಳುವದು ಚಹದ ಮಾತನ್ನೇ. ಇಂಥ ಊರಿನಲ್ಲಿ ಕಾಫಿಯನ್ನು ನಿತ್ಯವ್ರತದಂತೆ ನಡೆಸಿಕೊಂಡು ಬಂದ ಕೆಲವು ಮನೆಗಳಲ್ಲಿ ನಮ್ಮದೂ ಒಂದು. ಅದರ ಪುಣ್ಯ ನಮ್ಮದಲ್ಲ, ನಮ್ಮ ಮನೆಯವರದು. ಅವರ ತಂದೆಯವರು ನೌಕರಿಯ ನಿಮಿತ್ತ ಹಲವು ವರುಷ ಚಿಕ್ಕಮಗಳೂರಿನಲ್ಲಿ ಇದ್ದರು. ಮದುವೆಯಾಗಿ ಬರುವಾಗ ತಾಯಿ ಕೊಟ್ಟ ಹಿತ್ತಾಳೆಯ ಫಿಲ್ಟರೊಂದು ಅವರ ಸಂಗಡ ಬಂದಿತು. ಮೂವತ್ತನಾಲ್ಕು ವರುಷ ಆ ಫಿಲ್ಟರಿನ ಕಾಫಿಯಿಂದಲೇ ನಮ್ಮ ಬೆಳಗು ಆರಂಭವಾಗುತ್ತಿತ್ತು.

ಕಳೆದ ಶ್ರಾವಣದಲ್ಲಿ ಅವರು ಹಿತ್ತಿಲಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದರು. ಬಲಗೈಯ ಮಣಿಕಟ್ಟಿನ ಎಲುಬು ಮುರಿಯಿತು. ವೈದ್ಯರು ಪ್ಲಾಸ್ಟರು ಹಾಕಿ, ಆರು ವಾರ ಆ ಕೈಯಿಂದ ತುಂಬಿದ ತಂಬಿಗೆಯನ್ನು ಸಹ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದರು. ಮರುದಿನ ಬೆಳಗಿನಲ್ಲಿ ನಾವು ರೂಢಿಯಂತೆ ಸ್ನಾನ ಸಂಧ್ಯೆಗಳನ್ನು ಮುಗಿಸಿ ತೂಗುಮಂಚದ ಮೇಲೆ ಕುಳಿತೆವು. ಸ್ವಲ್ಪ ಹೊತ್ತು ಕಳೆಯಿತು. ಮತ್ತೂ ಸ್ವಲ್ಪ ಹೊತ್ತು ಕಳೆಯಿತು. ನಾವು ಕಾಫಿಗಾಗಿ ಕಾಯುತ್ತಿರುವೆವೆಂಬದು ಆಮೇಲೆ ನಮ್ಮ ಅರಿವಿಗೆ ಬಂದು, ಬಹಳ ನಾಚಿಕೆಯಾಯಿತು. ಎದ್ದು ಅಡಿಗೆಯ ಮನೆಗೆ ಹೋದರೆ ಪುಡಿಯ ಡಬ್ಬಿ ಯಾವದೆಂಬದೇ ತಿಳಿಯದು. ಮೂರು ದಶಕ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ, ನಮ್ಮದೇ ಮನೆಯಲ್ಲಿ ಸಕ್ಕರೆ ಎಲ್ಲಿರುವದೆಂಬ ಜ್ಞಾನವಿರಲಿಲ್ಲ. ಒಳಗಿನ ಕೋಣೆಯಿಂದ, “ಮ್ಯಾಲಿನ ಸಾಲಿನಾಗ ಎಡಕ ನೋಡ್ರಿ” ಎಂಬ ಧ್ವನಿ ಬಂದಿತು. ಅವರು ಮಲಗಿದ್ದಲ್ಲಿಂದಲೇ ನಮ್ಮ ಅಜ್ಞಾನವನ್ನು ಕೇಳಿಸಿಕೊಂಡಿದ್ದರು.

ಫಿಲ್ಟರಿನಲ್ಲಿ ಕಾಫಿ ಮಾಡುವದನ್ನೇ ಕಲಿಯಬಹುದಿತ್ತಲ್ಲ ಎಂದು ವಾಚಕರು ಕೇಳುವರು. ಪ್ರಶ್ನೆ ನ್ಯಾಯವಾದದ್ದು. ಒಂದು ವಾರ ಪ್ರಯತ್ನಿಸಿದೆವು. ಆದರೆ ತಾಯಿ ಕೊಟ್ಟ ಪಾತ್ರೆಯನ್ನು ಪರರ ಕೈ ಬಡಬಡಿಸುವದು ಅವರಿಗೆ ಸಹನವಾಗದು. ಹೆಜ್ಜೆಹೆಜ್ಜೆಗೆ ತಿದ್ದಿಸಿಕೊಳ್ಳುವದು ನಮಗೆ ಸಹನವಾಗದು. ನಮ್ಮದೇ ಆದ ಒಂದು ಉಪಕರಣವಿದ್ದರೆ ತಪ್ಪುಗಳೂ ನಮ್ಮವೇ ಆಗುವವೆಂಬ ದುರಭಿಮಾನದಿಂದ ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿದೆವು. ಎಸ್ಪ್ರೆಸೊ ಯಂತ್ರವು ನಮ್ಮ ಮನೆಗೆ ಬಂದ ಕಾರಣ ಇದು.

ಯಂತ್ರವನ್ನು ಆರಿಸುವಾಗ ಮೂರು ಬಗೆಗಳು ನಮ್ಮ ಮುಂದೆ ಬಂದವು. ಬೀಜ ಸುರಿದು ಗುಂಡಿ ಒತ್ತಿದರೆ ಬೀಸುವದರಿಂದ ಸೋಸುವದರವರೆಗೆ ಎಲ್ಲವನ್ನೂ ತಾನೇ ಮಾಡುವ ಯಂತ್ರ ಮೊದಲನೆಯದು. ಅದರ ಬೆಲೆ ನಿವೃತ್ತ ಮಾಸ್ತರನಿಗೆ ನಿಲುಕದು. ಎರಡನೆಯದು ಎಲ್ಲಕ್ಕೂ ಅಗ್ಗ. ಅದರಲ್ಲಿ ಪಂಪು ಇಲ್ಲ. ನೀರು ಕುದಿದು ಹುಟ್ಟಿದ ಉಗಿಯೇ ನೀರನ್ನು ನೂಕುವದು. ಆ ಒತ್ತಡ ಸಾಲದು, ಶಾಖ ಮಾತ್ರ ಅತಿಯಾಗುವದು. ಆದುದರಿಂದ ಕಾಫಿ ಕಹಿಯಾಗುವದು. ಹೆಸರಿಗೆ ಎಸ್ಪ್ರೆಸೊ ಎಂದು ಮಾರಿದರೂ ಗುಣದಲ್ಲಿ ಅದು ಬೇರೆ. ಮೂರನೆಯದು ಪಂಪು ಇರುವ ಸಣ್ಣ ಯಂತ್ರ. ಪುಡಿ ತುಂಬುವದು, ಅದುಮುವದು, ನಿಲ್ಲಿಸುವದು ಇವೆಲ್ಲ ನಮ್ಮ ಕೆಲಸ; ಶಾಖ ಮತ್ತು ಒತ್ತಡ ಅದರ ಕೆಲಸ. ಹೊಸಬರಿಗೆ ಇದೇ ಯೋಗ್ಯವೆಂದು ಮಗನು ಹೇಳಿದನು. ಈಗ ನಾವೂ ಹಾಗೆಯೇ ಹೇಳುವೆವು. ಡಬ್ಬದ ಮೇಲೆ 15 ಬಾರ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುವದನ್ನು ಕಂಡು ಯಾರೂ ಮರುಳಾಗಬಾರದು. ಅದು ಪಂಪಿನ ಪರಮಾವಧಿ ಶಕ್ತಿ. ಕಾಫಿಗೆ ಬೇಕಾದದ್ದು ಸುಮಾರು 9 ಬಾರ್, ಅರ್ಥಾತ್ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು.

ಇಲ್ಲಿ ನಮ್ಮ ಹಳೆಯ ವ್ಯಾಸಂಗವು ತಲೆಯೆತ್ತಿತು. ಆಯುರ್ವೇದದಲ್ಲಿ ಕಷಾಯಕಲ್ಪನೆಗಳು ಐದು: ಹಿಂಡಿ ತೆಗೆದ ಸ್ವರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಿನಲ್ಲಿ ನೆನೆಯಿಟ್ಟ ಹಿಮ, ಬಿಸಿನೀರು ಹೊಯ್ದು ಸೋಸಿದ ಫಾಂಟ. ನಮ್ಮ ಫಿಲ್ಟರಿನ ಕಾಫಿಯು ನಿಸ್ಸಂದೇಹವಾಗಿ ಫಾಂಟ. ಎಸ್ಪ್ರೆಸೊ ಎಂಬ ಇಟಲಿಯ ಶಬ್ದಕ್ಕಾದರೋ ‘ಒತ್ತಿ ಹೊರಗೆ ತೆಗೆದದ್ದು’ ಎಂದು ಅರ್ಥ. ನಮ್ಮ ಭಾಷೆಯಲ್ಲಿ ‘ನಿಷ್ಪೀಡಿತ’. ಬಿಸಿನೀರಿನ ಸಂಬಂಧದಿಂದ ಅದು ಫಾಂಟ, ಹಿಂಡುವದರ ಸಂಬಂಧದಿಂದ ಸ್ವರಸದ ನೆಂಟ. ಇಟಲಿಯ ತುರಿನ್ ನಗರದ ಮೊರಿಯೊಂಡೊ ಎಂಬವನು 1884ರಲ್ಲಿ ಉಗಿಯಿಂದ ಕಾಫಿ ಇಳಿಸುವ ಯಂತ್ರವನ್ನು ತೋರಿಸಿದನು. ಮಿಲಾನಿನ ಬೆಜ್ಜೆರಾ 1901ರಲ್ಲಿ ಒಂದೊಂದು ಬಟ್ಟಲಿಗೆ ಬೇರೆಬೇರೆಯಾಗಿ ಇಳಿಸುವ ರೀತಿಗೆ ಹಕ್ಕುಪತ್ರ ಕೇಳಿದನು. ಉಗಿಯನ್ನು ಬಿಟ್ಟು ಬಿಸಿನೀರನ್ನೇ ಬಲವಾಗಿ ಒತ್ತುವ ಉಪಾಯವನ್ನು ಗಾಜ್ಜಿಯಾ ಎಂಬವನು 1938ರಿಂದ ಬೆಳೆಯಿಸುತ್ತ ಬಂದನು. ಮಹಾಯುದ್ಧ ಮುಗಿದ ಬಳಿಕ ಅದು ಅಂಗಡಿಗಳಿಗೆ ಬಂದಿತು. ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡದ್ದು ಆಮೇಲೆಯೇ.

ಯಂತ್ರ ಬಂದಿತು. ಅಡಿಗೆಯ ಮನೆಯಲ್ಲಿ ಅದಕ್ಕೆ ಪ್ರವೇಶ ಸಿಕ್ಕಲಿಲ್ಲ. ಪಡಸಾಲೆಯಲ್ಲಿ ಪುಸ್ತಕದ ಕಪಾಟಿನ ಪಕ್ಕಕ್ಕೆ ಪ್ರತಿಷ್ಠೆಯಾಯಿತು. ಮನೆಯಲ್ಲಿದ್ದ ಫಿಲ್ಟರಿನ ಪುಡಿಯನ್ನೇ ತುಂಬಿ ಗುಂಡಿಯನ್ನು ಒತ್ತಿದೆವು. ಹತ್ತು ಸೆಕೆಂಡು ಸಹ ಆಗಿರಲಿಲ್ಲ. ಬಟ್ಟಲು ತುಂಬಿ ಹರಿಯಿತು. ರುಚಿ ನೋಡಿದರೆ ಹುಳಿ ನೀರು. ಪುಡಿಯನ್ನು ಮಿಕ್ಸರಿನಲ್ಲಿ ಮತ್ತಷ್ಟು ನುಣ್ಣಗೆ ಮಾಡಿ ಗಟ್ಟಿಯಾಗಿ ಅದುಮಿದೆವು. ಈ ಸಲ ಯಂತ್ರ ಹೂಂಕರಿಸಿತೇ ಹೊರತು ಒಂದು ಹನಿಯೂ ಬೀಳಲಿಲ್ಲ. ಸಹನೆಗೆಟ್ಟು ಹಿಡಿಕೆಯನ್ನು ತಿರುಗಿಸಿ ಎಳೆದೆವು. ಒಳಗೆ ಒತ್ತಡವು ಇನ್ನೂ ಇದ್ದಿತು. ಬಿಸಿ ಗಸಿಯು ಸಿಡಿದು ಗೋಡೆಯ ಮೇಲೆ, ಕನ್ನಡಕದ ಮೇಲೆ, ಒಗೆದು ಉಟ್ಟ ಧೋತರದ ಮೇಲೆ ಚಿತ್ತಾರ ಬರೆಯಿತು. ದೈವಯೋಗದಿಂದ ಕಣ್ಣು ಉಳಿದವು. ನಾವು ಯಂತ್ರವನ್ನು ಬಯ್ಯಹತ್ತಿದೆವು. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಮುರಿದ ಕೈಯನ್ನು ಜೋಲಿಯಲ್ಲಿ ಇಟ್ಟುಕೊಂಡು, ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕರು.

ಹೊಸಪೇಟೆಯ ಕಾಫಿಯ ಅಂಗಡಿಯೊಂದರಲ್ಲಿ ಇಂಥದೇ ದೊಡ್ಡ ಯಂತ್ರವನ್ನು ನಡೆಸುವ ತರುಣನು ನಮ್ಮ ಹಳೆಯ ವಿದ್ಯಾರ್ಥಿ. ಒಮ್ಮೆ ವಿಭಕ್ತಿಯ ತಪ್ಪಿಗಾಗಿ ಅವನನ್ನು ನಾವು ತರಗತಿಯ ಹೊರಗೆ ನಿಲ್ಲಿಸಿದ್ದೆವು. ಅವನನ್ನೇ ಕರೆಸಿದೆವು. ಒಂದು ಆದಿತ್ಯವಾರ ಬಂದು ನಮ್ಮ ಪಾಕವನ್ನು ಕುಡಿದು ಮುಖ ಸಿಂಡರಿಸದೆ ಹೀಗೆಂದನು: “ಗುರುಗಳೇ, ಒಂದು ಸಲಕ್ಕ ಒಂದನ್ನ ಬದಲು ಮಾಡ್ರಿ. ಎಲ್ಲಾ ಒಮ್ಮೆಲೇ ಬದಲು ಮಾಡಿದರ, ತಪ್ಪು ಎಲ್ಲಿ ಐತಿ ಅಂತ ತಿಳಿಯೂದಿಲ್ರಿ.” ಇಷ್ಟು ವರುಷ ಮಕ್ಕಳ ಬರಹದಲ್ಲಿ ಅಕ್ಷರ, ಸಂಧಿ, ವಿಭಕ್ತಿಗಳನ್ನು ಒಂದೇ ಸಲಕ್ಕೆ ಕೆಂಪು ಶಾಯಿಯಿಂದ ಗೀಚಿದ ನಮಗೆ ಈ ಮಾತು ಚುಚ್ಚಿತು. ಅವನು ಹಾಗೆ ಚುಚ್ಚಬೇಕೆಂದು ಆಡಿದ ಮಾತಲ್ಲ; ಅದರಿಂದ ಮತ್ತಷ್ಟು ಚುಚ್ಚಿತು.

ಅವನು ಕಲಿಸಿದ ಪಾಠ ಸಣ್ಣದು. ಸಣ್ಣ ತಕ್ಕಡಿ ಒಂದು ಬೇಕು, ಗಡಿಯಾರ ಒಂದು ಬೇಕು. ಪುಡಿ 18 ಗ್ರಾಂ ಇದ್ದರೆ, ಇಳಿಯುವ ಕಾಫಿ ಅದರ ಇಮ್ಮಡಿ, ಸುಮಾರು 36 ಗ್ರಾಂ. ಅದು ಇಳಿಯಲು 25ರಿಂದ 30 ಸೆಕೆಂಡು. (ನಮ್ಮ ಬಟ್ಟಲು ಸಣ್ಣದು, 14 ಗ್ರಾಂ ಹಿಡಿಯುವದು, ಆಗಲೂ ಇಮ್ಮಡಿಯ ಲೆಕ್ಕ ತಪ್ಪದು.) ಬೇಗನೆ ಇಳಿದು ಹುಳಿಯಾದರೆ ಪುಡಿಯನ್ನು ಇನ್ನೂ ನುಣ್ಣಗೆ ಬೀಸಬೇಕು, ತಡವಾಗಿ ಇಳಿದು ಕಹಿಯಾದರೆ ತುಸು ಉರುಟಾಗಿಸಬೇಕು. ಪುಡಿಯನ್ನು ಬಟ್ಟಲಿನಲ್ಲಿ ಸಮನಾಗಿ ಹರಡಿ, ಮಟ್ಟಸವಾಗಿ ಅದುಮಬೇಕು. ಓರೆಯಾದರೆ ನೀರು ತೆಳುವಾದ ಕಡೆಯಿಂದ ದಾರಿ ಮಾಡಿಕೊಂಡು ಓಡುವದು, ಉಳಿದ ಪುಡಿ ನೆನೆಯದೆ ಉಳಿಯುವದು. ಒಡೆದ ಬದುವಿನ ಗದ್ದೆಯಲ್ಲಿ ನೀರು ಹೇಗೆ ಓಡುವದೆಂಬದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಹೊಸಬರಿಗೆ ಇನ್ನೊಂದು ಸಂಗತಿ. ಸಣ್ಣ ಯಂತ್ರಗಳ ಸಂಗಡ ಹೆಚ್ಚಾಗಿ ಎರಡು ತಳದ ಜರಡಿಬಟ್ಟಲು ಬರುವದು. ಅದರ ಹೊರತಳಕ್ಕೆ ಸೂಜಿಯ ಮೊನೆಯಷ್ಟು ಒಂದೇ ರಂಧ್ರ. ಪುಡಿ ಹೇಗೇ ಇದ್ದರೂ ಆ ರಂಧ್ರವೇ ಒತ್ತಡವನ್ನೂ ನೊರೆಯನ್ನೂ ಹುಟ್ಟಿಸುವದು. ಅದು ಮಗುವಿನ ನಡೆಬಂಡಿಯಿದ್ದಂತೆ, ಆರಂಭಕ್ಕೆ ಒಳ್ಳೆಯದು. ಬೀಸುವ ಕೈ ಕುದುರಿದ ಮೇಲೆ ಒಂದೇ ತಳದ ಬಟ್ಟಲಿಗೆ ಹೋಗಬೇಕು. ನಿಜವಾದ ರುಚಿ ಅದರಲ್ಲಿಯೇ ಇರುವದು.

ಯಂತ್ರಕ್ಕಿಂತಲೂ ಬೀಸುವ ಸಾಧನ ಮುಖ್ಯವೆಂಬದನ್ನು ನಾವು ತಡವಾಗಿ ಕಲಿತೆವು. ಮಿಕ್ಸರಿನ ಅಲಗು ಬೀಜವನ್ನು ಚೂರು ಮಾಡುವದು, ಸಮನಾಗಿ ಬೀಸಲಾರದು. ಕೈಯಿಂದ ತಿರುಗಿಸುವ ಒಳ್ಳೆಯ ಬೀಸುಯಂತ್ರವನ್ನು ತರಿಸಿದೆವು. ವಿದ್ಯುತ್ತು ಹೋದರೂ ಅದರ ಕೆಲಸ ನಿಲ್ಲದು, ಮುದಿ ತೋಳುಗಳಿಗೆ ವ್ಯಾಯಾಮವೂ ಆಗುವದು. ಬೀಜಗಳನ್ನು ಚಿಕ್ಕಮಗಳೂರಿನಿಂದ ಅಂಚೆಯಲ್ಲಿ ತರಿಸುವೆವು. ಬಾಬಾ ಬುಡನ್ ಎಂಬ ಸಂತನು ಸುಮಾರು 1670ರಲ್ಲಿ ಯೆಮೆನಿನಿಂದ ಏಳು ಬೀಜಗಳನ್ನು ತಂದು ಅಲ್ಲಿಯ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯವು ಪ್ರಸಿದ್ಧವೇ ಇದೆ. ಆ ಗಿರಿಯ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕೊಳ್ಳುವಾಗ ಹುರಿದ ದಿನಾಂಕವನ್ನು ನೋಡಬೇಕು. ಹುರಿದು ಒಂದು ವಾರದಿಂದ ಒಂದೂವರೆ ತಿಂಗಳೊಳಗಿನ ಬೀಜ ಉತ್ತಮ. ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಗಡಸುತನಕ್ಕೂ ನೊರೆಗೂ. ಹಾಲು ಬೆರೆಸಿ ಕುಡಿಯುವ ನಮ್ಮಂಥವರು ಎರಡನ್ನೂ ಕೂಡಿಸಿದರೆ ಹಿತ. ಚಿಕೋರಿ ಬೆರೆತ ಪುಡಿಯನ್ನು ಮಾತ್ರ ಇದರಲ್ಲಿ ಹಾಕಕೂಡದು. ಅದು ನೀರು ಹೀರಿ ಅಂಟಾಗಿ ಜರಡಿಯ ಕಣ್ಣುಗಳನ್ನು ಮುಚ್ಚುವದು. ಮಿಶ್ರಣದ ಪುಡಿಯಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂಬದು ಕಾನೂನು. ಪೊಟ್ಟಣದ ಮೇಲೆ ಅದರ ಪ್ರಮಾಣ ಬರೆದಿರುವದು, ಓದಿಕೊಳ್ಳಬೇಕು.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಮನೆಯ ಕೊಳವೆಬಾವಿಯ ನೀರು ಗಡುಸು. ಹಂಡೆಯೊಳಗೆ ಸುಣ್ಣದ ಹೆಪ್ಪು ಕಟ್ಟುವದು. ಹಂಡೆಯನ್ನಾದರೆ ಕೆರೆಯಬಹುದು, ಯಂತ್ರದ ಕೂದಲೆಳೆಯಂಥ ನಾಳಗಳನ್ನು ಕೆರೆಯುವದೆಂತು? ಶುದ್ಧೀಕರಿಸಿದ ಕುಡಿಯುವ ನೀರನ್ನೇ ಹಾಕುವೆವು. ಎರಡು ಮೂರು ತಿಂಗಳಿಗೊಮ್ಮೆ, ಕೈಪುಸ್ತಕವು ಒಪ್ಪಿದ ಪ್ರಮಾಣದಲ್ಲಿ ನಿಂಬೆ ಉಪ್ಪು ಕರಗಿಸಿದ ನೀರನ್ನು ಹರಿಸಿ, ಅನಂತರ ಸ್ವಚ್ಛ ನೀರಿನಿಂದ ಚೆನ್ನಾಗಿ ತೊಳೆಯುವೆವು. ಯಂತ್ರ ಸಾವಿರ ವ್ಯಾಟಿಗೂ ಹೆಚ್ಚು ಶಕ್ತಿಯನ್ನು ಎಳೆಯುವದು; ಮನೆಯ ಸಣ್ಣ ಇನ್ವರ್ಟರಿಗೆ ಜೋಡಿಸಬಾರದು. ಹಾಲು ಕಾಯಿಸುವ ಉಗಿಯ ಕೊಳವೆಯನ್ನು ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಉಗಿ ಬಿಟ್ಟು ತೆರವು ಮಾಡಬೇಕು. ಒಣಗಿದ ಹಾಲು ಒಳಗೆ ಕೊಳೆಯುವದು. ತಣ್ಣನೆಯ ಹಾಲಿನಿಂದ ಆರಂಭಿಸಿ, ಪಾತ್ರೆಯನ್ನು ಅಂಗೈಗೆ ಮುಟ್ಟಿಸಿಕೊಳ್ಳಲಾರದಷ್ಟು ಬಿಸಿಯಾದೊಡನೆ ನಿಲ್ಲಿಸಬೇಕು. ಅದು ಸುಮಾರು 60 ಡಿಗ್ರಿ. ಕುದಿಸಿದರೆ ಸವಿ ಕೆಡುವದು. ಎಮ್ಮೆಯ ಗಟ್ಟಿ ಹಾಲಾದರೂ ಅಡ್ಡಿಯಿಲ್ಲ. ಹಿಡಿಕೆಯನ್ನು ಬಿಚ್ಚುವ ಮೊದಲು ಅರ್ಧ ನಿಮಿಷ ಕಾಯಬೇಕೆಂಬದನ್ನು ನಮ್ಮ ಧೋತರವೇ ಸಾಕ್ಷಿಯಾಗಿ ಹೇಳುವದು.

ಇಪ್ಪತ್ತನೆಯ ದಿನಕ್ಕೋ ಏನೋ, ಇಲಿಯ ಬಾಲದಂತೆ ಸಣ್ಣ ಧಾರೆ ಇಳಿದು, ಮೇಲೆ ಹೊಂಬಣ್ಣದ ಪದರು ನಿಂತಿತು. ಹಾಲು ಸಕ್ಕರೆ ಬೆರೆಸಿ ಒಯ್ದು ಕೊಟ್ಟೆವು. ಅವರು ಎಡಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು. ಮೂವತ್ತನಾಲ್ಕು ವರುಷ ಅವರು ಕೊಟ್ಟ ಕಾಫಿಗೆ ನಾವು ‘ಚೆನ್ನಾಗಿದೆ’ ಎಂದು ಹೇಳಿದ್ದುಂಟೇ ಎಂದು ಆ ಒಂದು ಗಳಿಗೆಯಲ್ಲಿ ನೆನಪು ಮಾಡಿಕೊಳ್ಳಹತ್ತಿದೆವು. ಸಕ್ಕರೆ ಕಡಿಮೆಯಾದ ದಿನ ಹೇಳಿದ್ದು ನೆನಪಿಗೆ ಬಂದಿತು, ಉಳಿದದ್ದು ಬರಲಿಲ್ಲ. ಅವರು, “ಛಲೋ ಆಗೇದ” ಎಂದರು. ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ಹುಡುಗರ ಎದೆ ಹೇಗೆ ಬಡಿದುಕೊಳ್ಳುವದೆಂಬದು ನಮಗೆ ಅರವತ್ತರಲ್ಲಿ ತಿಳಿಯಿತು.

ಆರು ವಾರ ಕಳೆದು ಪ್ಲಾಸ್ಟರು ತೆಗೆದರು. ಕೈ ಕ್ರಮೇಣ ಬಲಕ್ಕೆ ಬಂದಿತು. ಒಂದು ಬೆಳಗಿನ ಜಾವ ಅಡಿಗೆಯ ಮನೆಯಲ್ಲಿ ಫಿಲ್ಟರಿನ ಸಪ್ಪಳ ಕೇಳಿಸಿತು. ನಮ್ಮ ವಿದ್ಯೆಗೆ ಇನ್ನು ಕೆಲಸವಿಲ್ಲವೆಂದು ತುಸು ಖಿನ್ನರಾಗಿಯೇ ಎದ್ದು ಹೋದೆವು. ಅವರು ಫಿಲ್ಟರನ್ನು ಹುಣಸೆಯ ಹಣ್ಣಿನಿಂದ ಬೆಳಗಿ ಒರೆಸಿ ಮೇಲಿಡುತ್ತಿದ್ದರು, ಅಷ್ಟೇ.

“ಯಾಕ, ಇವತ್ತು ಕಾಫಿ ನೀವು ಮಾಡೂದಿಲ್ಲೇನು?” ಎಂದು ಕೇಳಿದೆವು.

“ನೀವೇ ಮಾಡ್ರಿ,” ಎಂದರು. ಕೆಲ ಹೊತ್ತು ಬಿಟ್ಟು, ನಮ್ಮ ಕಡೆಗೆ ನೋಡದೆಯೇ, “ಮುಂಜಾನೆ ಒಬ್ಬರು ಮಾಡಿ ಕೈಯಾಗ ಕೊಟ್ಟ ಕಾಫಿ ಹೆಂಗಿರ್ತದ ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ,” ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಪಡಸಾಲೆಗೆ ಹೋಗಿ ಬೀಜ ಬೀಸಹತ್ತಿದೆವು.

ಈ ಲೇಖನವನ್ನು ಓದಿ ಯಾರೂ ಅವಸರದಿಂದ ಯಂತ್ರ ಕೊಳ್ಳಬೇಕಾಗಿಲ್ಲ. ಚಿಕೋರಿಯ ಗಟ್ಟಿ ಕಾಫಿ, ಸಾಕಷ್ಟು ಹಾಲು, ಆರೇಳು ಜನರ ಮನೆ ಇದ್ದರೆ ಫಿಲ್ಟರಿಗೆ ಮಿಗಿಲಾದದ್ದಿಲ್ಲ. ಯಂತ್ರವು ಒಂದೊಂದೇ ಲೋಟಕ್ಕೆ ಕಾಯಿಸುವದು. ಒಬ್ಬಿಬ್ಬರ ಮನೆಯಾಗಿ, ದಿನಾಲು ತೂಗಿ ಒರೆಸುವ ತಾಳ್ಮೆಯಿದ್ದರೆ ಕೊಳ್ಳಬಹುದು. ಆಗ ಹಣವನ್ನು ಮೊದಲು ಬೀಸುವ ಸಾಧನಕ್ಕೆ, ಉಳಿದದ್ದನ್ನು ಯಂತ್ರಕ್ಕೆ ಇಡಬೇಕು. ನಮ್ಮ ಮನೆಯಲ್ಲಿ ಈಗ ಎರಡೂ ನಡೆದಿವೆ. ದ್ವಾದಶಿಯ ಪಾರಣೆಯ ಬೆಳಗಿನಲ್ಲಿ ಹಿತ್ತಾಳೆಯ ಫಿಲ್ಟರು, ಅವರ ಕೈಯಿಂದ. ಉಳಿದ ದಿನ ನಮ್ಮ ಕೈಯಿಂದ. ಯಂತ್ರ ಕೊಳ್ಳದವರೂ ನಾಳೆ ಬೆಳಗಿನಲ್ಲಿ ಒಮ್ಮೆ ತಮ್ಮ ಮನೆಯ ಸಕ್ಕರೆಯ ಡಬ್ಬಿ ಎಲ್ಲಿದೆಯೆಂದು ನೋಡಿಕೊಂಡರೆ ನಮ್ಮ ಬರವಣಿಗೆಯು ಸಾರ್ಥಕವಾದಂತೆ.