ಡೋಜೋಗೆ ಹೋಗುವ ದಾರಿ

ನಮ್ಮ ಕಾಲೇಜಿನಲ್ಲಿ ಕರಾಟೆ ಎಲ್ಲಿ ನಡೆಯುತ್ತದೆ ಎಂದು ಹೊಸಬರು ಕೇಳಿದರೆ ಬಾಯಿಮಾತಿನಲ್ಲಿ ಹೇಳುವುದು ಕಷ್ಟ. ಮುಖ್ಯ ಗೇಟಿನಿಂದ ಲೈಬ್ರರಿಯವರೆಗೆ ಒಳ್ಳೆಯ ರಸ್ತೆ. ಅಲ್ಲಿಂದ ಕೆಮಿಸ್ಟ್ರಿ ಲ್ಯಾಬಿನ ಹಿಂದೆ, ನೀರಿನ ಟ್ಯಾಂಕಿನ ಪಕ್ಕದ ಕಾಲುದಾರಿ ಹಿಡಿದರೆ ಹಳೆಯ ಜಿಮ್ ಕಟ್ಟಡ. ಬೋರ್ಡಿಲ್ಲ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳೇ ಗುರುತು. ಒಳಗಿನ ಜಾಗಕ್ಕೆ ಡೋಜೋ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ 'ಡೋ' ಎಂದರೆ ದಾರಿ, 'ಜೋ' ಎಂದರೆ ಜಾಗ. ದಾರಿಯ ಜಾಗಕ್ಕೇ ದಾರಿಯಿಲ್ಲ ಎಂದು ನಾವು ನಗುತ್ತಿದ್ದೆವು.

ತರಗತಿ ಸಂಜೆ ಐದೂವರೆಯಿಂದ ಆರೂಮುಕ್ಕಾಲು. ಹುಡುಗಿಯರ ಹಾಸ್ಟೆಲ್ ಗೇಟು ಹಾಕುವುದು ಏಳಕ್ಕೆ. ಬೋಧನಾಭ್ಯಾಸ ಶುರುವಾದ ಮೇಲೆ ಶಾಲೆಯಿಂದ ಬಸ್ಸು ಹಿಡಿದು, ಸೀರೆ ಬದಲಿಸಿ ಓಡಬೇಕಿತ್ತು. ಆಗಸ್ಟ್‌ನಲ್ಲಿ 11 ಹುಡುಗಿಯರಿದ್ದೆವು. ಡಿಸೆಂಬರ್ ಹೊತ್ತಿಗೆ 4. ಹಾಜರಿ ಪುಸ್ತಕ ನೋಡಿದವರು ಆಸಕ್ತಿ ಸಾಲದು ಎಂದರು. ಬಿಟ್ಟವರನ್ನು ನಾನು ಒಬ್ಬೊಬ್ಬರನ್ನಾಗಿ ಕೇಳಿದೆ. ಕಾಲು ನೋವೆಂದು ಬಿಟ್ಟವಳು ಒಬ್ಬಳೇ. ಉಳಿದ ಆರು ಜನ ಹೇಳಿದ್ದು ಟ್ಯಾಂಕಿನ ಪಕ್ಕದ ಕತ್ತಲೆಯನ್ನು. ಆತ್ಮರಕ್ಷಣೆ ಕಲಿಯಲು ಹೋಗುವವರಿಗೆ ಹೋಗುವ ದಾರಿಯದೇ ಭಯ.

ಕರಾಟೆ ಸರ್‌ಗೆ ಹೇಳಿದಾಗ, "ಮನಸ್ಸಿದ್ದರೆ ಮಾರ್ಗ ಕಣಮ್ಮ" ಅಂದರು. "ಮನಸ್ಸಿದೆ ಸರ್, ಮಾರ್ಗದಲ್ಲಿ ಲೈಟಿಲ್ಲ" ಅಂದೆ. ಅವರ ಮೇಲೆ ನನಗೆ ಬಹಳ ಗೌರವ. ಆದರೂ ಆ ಗಾದೆಯನ್ನು ಮೇಷ್ಟ್ರುಗಳು ಸ್ವಲ್ಪ ಕಡಿಮೆ ಬಳಸಬೇಕು ಅನಿಸುತ್ತದೆ.

ಈ ವಿದ್ಯೆಯನ್ನು ಕಲಿಯುವವರ ಹತ್ತಿರಕ್ಕೆ ತಂದವರೇ ಮೇಷ್ಟ್ರುಗಳು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇತೋಸು ಆಂಕೋ ಓಕಿನಾವಾದ ಶಾಲೆಗಳಿಗೆ ಕರಾಟೆ ತಂದರು, ಮಕ್ಕಳಿಗೆಂದು ಸರಳ ಪಾಠಕ್ರಮವನ್ನೂ ಮಾಡಿದರು. ಅವರ ಶಿಷ್ಯ ಫುನಾಕೋಶಿ ಗಿಚಿನ್ ವೃತ್ತಿಯಿಂದ ಶಾಲಾ ಶಿಕ್ಷಕರು. 1924ರಲ್ಲಿ ಟೋಕಿಯೊದ ಕೇಯೋ ವಿಶ್ವವಿದ್ಯಾಲಯದಲ್ಲಿ ಅವರ ಕರಾಟೆ ಕ್ಲಬ್ ಶುರುವಾಯಿತು. 1882ರಲ್ಲಿ ಒಂದು ದೇವಾಲಯದ ಕೋಣೆಯಲ್ಲಿ ಹನ್ನೆರಡು ಚಾಪೆ ಹಾಸಿ ಜೂಡೋ ಆರಂಭಿಸಿದ ಕಾನೋ ಜಿಗೋರೋ ಮುಂದೆ ನಮ್ಮದರಂಥದೇ ಶಿಕ್ಷಕರ ತರಬೇತಿ ಕಾಲೇಜಿಗೆ ಪ್ರಾಂಶುಪಾಲರಾಗಿದ್ದರು.

ನಾನು ಒಂಬತ್ತನೇ ತರಗತಿಗೆ ಭೌತಶಾಸ್ತ್ರ ತೆಗೆದುಕೊಳ್ಳುತ್ತೇನೆ. ಮೊದಲ ಪೀರಿಯಡ್ಡಿಗೆ ಮೂವರು ದಿನಾ ತಡ. ಪಾಠಯೋಜನೆಯಲ್ಲಿ ಪೂರ್ವಜ್ಞಾನಕ್ಕೆ ಒಂದು ಕಾಲಂ ಇದೆ, ಮಗು ಶಾಲೆಗೆ ಬರುವ ದಾರಿಗೆ ಇಲ್ಲ. ಕೇಳಿದೆ. ಅವರ ಊರಿನ ಬಸ್ಸು ಗೇಟಿಗೆ ಬರುವುದೇ ಒಂಬತ್ತೂಐವತ್ತಕ್ಕೆ. ಈಗ ಪೀಠಿಕೆಯ ಪ್ರಶ್ನೆಗಳನ್ನು ಅವರು ಬಂದ ಮೇಲೆ ಕೇಳುತ್ತೇನೆ. ಅಲ್ಲಿಯವರೆಗೆ ಹಿಂದಿನ ದಿನದ ಲೆಕ್ಕಗಳು.

ದೀಪಕ್ಕಾಗಿ ಕಚೇರಿಗೆ ಹದಿನೆಂಟು ಜನ ಸಹಿ ಹಾಕಿ ಅರ್ಜಿ ಕೊಟ್ಟೆವು, ಹುಡುಗರೂ ಸೇರಿ. ಈಗ ಐದೂಕಾಲಿಗೆ ಲೈಬ್ರರಿ ಮೆಟ್ಟಿಲ ಹತ್ತಿರ ಸೇರಿ ಒಟ್ಟಿಗೆ ಹೋಗುತ್ತೇವೆ. ಸರ್ ಹತ್ತು ನಿಮಿಷ ಮುಂಚೆ ಬಿಡುತ್ತಾರೆ. ಬಿಟ್ಟವರಲ್ಲಿ ಮೂವರು ವಾಪಸ್ ಬಂದಿದ್ದಾರೆ. ಟ್ಯಾಂಕಿನ ಪಕ್ಕ ಕಂಬ ನೆಟ್ಟಾಗಿದೆ, ವೈರು ಇನ್ನೂ ಎಳೆದಿಲ್ಲ.