ಪಾಡಿಂಗ್ಟನ್‌ನ ಸೆರೆವಾಸ ಮತ್ತು ನಮ್ಮ ಮನೆಯ ಬಳೆ

ಕಳೆದ ಶನಿವಾರ ಇಶಾ ನಮಾಝ್ ಮುಗಿಸಿ ನಾವು ಮನೆಮಂದಿಯೆಲ್ಲ ಒಂದು ಚಲನಚಿತ್ರ ನೋಡಲು ಕುಳಿತೆವು. 2017ರಲ್ಲಿ ತೆರೆಕಂಡ, ಪಾಲ್ ಕಿಂಗ್ ನಿರ್ದೇಶನದ ‘ಪಾಡಿಂಗ್ಟನ್ 2’. ಪೆರು ದೇಶದ ಕಾಡಿನಿಂದ ಲಂಡನ್ನಿಗೆ ಬಂದು ಬ್ರೌನ್ ಕುಟುಂಬದ ಆಶ್ರಯದಲ್ಲಿ ಬದುಕುವ, ಕೆಂಪು ಟೋಪಿ, ನೀಲಿ ಕೋಟು ತೊಟ್ಟ ಮಾತನಾಡುವ ಕರಡಿಯ ಕಥೆಯದು. ಸಿನಿಮಾ ಎಂದೊಡನೆ ಹುಬ್ಬು ಗಂಟಿಕ್ಕುವ ನಮ್ಮ ಅಮ್ಮಿಗೆ, “ದಾದಿ, ಇದರಲ್ಲಿ ಹೀರೋನೇ ಕರಡಿ” ಎಂದು ಮಕ್ಕಳು ಮೊದಲೇ ಅಭಯ ನೀಡಿದ್ದರು.

ಮನಸಾರೆ ನಕ್ಕೆವು. ದೂರದಲ್ಲಿರುವ ಚಿಕ್ಕಮ್ಮ ಲೂಸಿಯ ನೂರನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಪುಸ್ತಕ ಕಳುಹಿಸಬೇಕೆಂದು ಪಾಡಿಂಗ್ಟನ್ ಹಣ ಕೂಡಿಸಲು ಹೊರಡುತ್ತಾನೆ. ಪುಟ ತೆರೆದರೆ ಲಂಡನ್ ನಗರವೇ ಕಾಗದದಲ್ಲಿ ಎದ್ದು ನಿಲ್ಲುವಂಥ ಪುಸ್ತಕ. ಅದಕ್ಕಾಗಿ ಕ್ಷೌರದಂಗಡಿಯಲ್ಲಿ ಕೆಲಸಕ್ಕೆ ನಿಂತು ಗಿರಾಕಿಯೊಬ್ಬರ ತಲೆಯ ಮೇಲೆ ದೊಡ್ಡ ದಾರಿಯನ್ನೇ ಬೋಳಿಸುತ್ತಾನೆ. ಬಳಿಕ ಕಿಟಕಿ ತೊಳೆಯುತ್ತಾನೆ. ಆ ಬೀದಿಯಲ್ಲಿ ಡಾಕ್ಟರ್ ಜಾಫ್ರಿ ಎಂಬವರಿದ್ದಾರೆ. ಬೀಗದ ಕೈ ಮರೆತೇ ಮನೆಯಿಂದ ಹೊರಬೀಳುವವರು. ಅವರಿಗೆ ಅದನ್ನು ನೆನಪಿಸುವುದೂ ಈ ಕರಡಿಯೇ. ಪರಿಚಿತ ಹೆಸರು ಕೇಳಿ ಮಕ್ಕಳಿಗೆ ಎಲ್ಲಿಲ್ಲದ ಹಿಗ್ಗು. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಹೀಗೆ ನಗುವುದು ನಮ್ಮಂಥವರಿಗೆ ತಕ್ಕುದೇ ಎಂದು ಕೇಳುವವರು ಇರಬಹುದು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳೊಂದಿಗೆ ಆಟವಾಡುತ್ತಿದ್ದಾಗ, ಹಝ್ರತ್ ಆಯಿಶಾ(ರ)ರಿಗೆ ತೃಪ್ತಿಯಾಗುವವರೆಗೂ ಪ್ರವಾದಿ(ಸ)ರು ಅವರೊಂದಿಗೆ ನಿಂತು ನೋಡಲು ಅನುವು ಮಾಡಿಕೊಟ್ಟರೆಂಬುದು ನಮಗೆ ಸಾಕು.

ನಗು ನಿಂತದ್ದು ಬೇರೆ ಕಾರಣಕ್ಕೆ.

ಫೀನಿಕ್ಸ್ ಬುಕನನ್ ಎಂಬ, ಖ್ಯಾತಿ ಮಾಸಿದ ನಟನೊಬ್ಬ ಆ ಪುಸ್ತಕವನ್ನು ಕದಿಯುತ್ತಾನೆ. ಕಳ್ಳನನ್ನು ಅಟ್ಟಿಸಿಕೊಂಡು ಹೋದ ಪಾಡಿಂಗ್ಟನ್ನನೇ ಪೊಲೀಸರ ಕೈಗೆ ಸಿಗುತ್ತಾನೆ. ನ್ಯಾಯಾಧೀಶರ ಪೀಠದಲ್ಲಿ ಕುಳಿತವರು ಕ್ಷೌರದಂಗಡಿಯ ಆ ಗಿರಾಕಿಯೇ! ಹತ್ತು ವರ್ಷಗಳ ಸಜೆ. ಕರಡಿಯನ್ನು ಬೀದಿಗೆ ಸೇರಿಸಿದ್ದೇ ತಪ್ಪೆಂದು ಮೊದಲಿನಿಂದಲೂ ಹೇಳುತ್ತಿದ್ದ ನೆರೆಮನೆಯ ಕರಿಗೆ ಇದರಿಂದ ತನ್ನ ಮಾತೇ ನಿಜವಾಯಿತೆಂಬ ಸಂತೋಷ.

ಆಗ ನಮ್ಮ ಹತ್ತು ವರ್ಷದ ಮಗಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: “ದಾದಿ, ಟೈಲ್ಸ್ ಹಾಕಲು ಬಂದಿದ್ದ ಭಾಯಿಯನ್ನೂ ನಾವು ಹೀಗೆಯೇ ಕಳುಹಿಸಿದ್ದಲ್ಲವೇ?”

ಯಾರೂ ಉತ್ತರಿಸಲಿಲ್ಲ. ಎರಡು ವರ್ಷಗಳ ಹಿಂದೆ ಅಡುಗೆಮನೆಯ ನೆಲಕ್ಕೆ ಟೈಲ್ಸ್ ಹಾಕಿಸುತ್ತಿದ್ದಾಗ ಅಮ್ಮಿಯ ಚಿನ್ನದ ಬಳೆ ಕಾಣೆಯಾಗಿತ್ತು. ಕೆಲಸಕ್ಕೆ ಬರುತ್ತಿದ್ದವನು ಬಿಹಾರದ ಯುವಕ. ಝುಹ್ರ್ ಸಮಯಕ್ಕೆ ನಮ್ಮೊಂದಿಗೇ ಸಫ್‌ನಲ್ಲಿ ನಿಲ್ಲುತ್ತಿದ್ದವನು. ನಾವು ಅವನನ್ನು ಬೈಯಲಿಲ್ಲ, ಪೊಲೀಸರ ಬಳಿ ಹೋಗಲಿಲ್ಲ. “ನಾಳೆಯಿಂದ ಬೇರೆಯವರನ್ನು ಕಳುಹಿಸಿ” ಎಂದು ಮೇಸ್ತ್ರಿಗೆ ಹೇಳಿದೆವು, ಏಕೆಂದೂ ತಿಳಿಸಿದೆವು. ಎಂಟು ದಿನಗಳ ನಂತರ ಬಳೆ ಕಪಾಟಿನಲ್ಲಿ ಮಡಚಿಟ್ಟಿದ್ದ ಹಳೆಯ ಜಾನಮಾಝಿನೊಳಗೆ ಸಿಕ್ಕಿತು. ಶುಕ್ರ್ ಸಲ್ಲಿಸಿದೆವು, ಮಕ್ಕಳಿಗೆ ಸಿಹಿ ಹಂಚಿದೆವು. ಆರೋಪವನ್ನೇ ಮಾಡಿಲ್ಲವೆಂದ ಮೇಲೆ ಕ್ಷಮೆ ಕೇಳುವುದೇನಿದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಗುಮಾನಿಯಿಂದ ದೂರವಿರಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶವನ್ನು ಅದೇ ವರ್ಷ ಮದ್ರಸದ ಸಭೆಯಲ್ಲಿ ನಾವೇ ವಿವರಿಸಿದ್ದೆವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಚಿತ್ರದ ಮುಂದಿನ ಭಾಗವನ್ನು ನಾವು ಬೇರೆಯೇ ಮನಸ್ಸಿನಿಂದ ನೋಡಿದೆವು. ಜೈಲಿನಲ್ಲಿ ಪಾಡಿಂಗ್ಟನ್ ಕೆಂಪು ಕಾಲುಚೀಲದೊಂದಿಗೆ ಬಟ್ಟೆ ಒಗೆದು ಕೈದಿಗಳ ಸಮವಸ್ತ್ರವನ್ನೆಲ್ಲ ಗುಲಾಬಿ ಮಾಡಿದಾಗಲೂ, ಎಲ್ಲರೂ ಹೆದರುವ ಅಡುಗೆಯವನನ್ನು ಮಾರ್ಮಲೇಡ್ ಸ್ಯಾಂಡ್‌ವಿಚ್‌ನಿಂದ ಒಲಿಸಿಕೊಂಡಾಗಲೂ ಮಕ್ಕಳು ಮಾತ್ರ ನಕ್ಕರು. ಬ್ರೌನ್ ಕುಟುಂಬಕ್ಕೆ ಅವನ ಮೇಲೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಭೇಟಿಯ ದಿನ ಅವರು ಬರಲಾಗದೆ ಹೋದಾಗ, ಹೊರಗಿನವರು ತನ್ನನ್ನು ಮರೆತೇಬಿಟ್ಟರೆಂದು ಅವನು ಒಬ್ಬನೇ ಕುಳಿತಿರುವ ದೃಶ್ಯವಿದೆ. ಅಮ್ಮಿ ಎದ್ದು ಒಳಗೆ ಹೋದರು. ಮತ್ತೆ ಬಂದದ್ದು ಕೊನೆಯಲ್ಲಿ, ಚಿಕ್ಕಮ್ಮ ಲೂಸಿ ಬಾಗಿಲಲ್ಲಿ ನಿಂತಿದ್ದಾಗ. ಬಳೆ ಕೈಯಲ್ಲಿರಲಿಲ್ಲ, ತೆಗೆದಿಟ್ಟಿದ್ದರು.

ಮರುದಿನ ಮೇಸ್ತ್ರಿಯಿಂದ ನಂಬರ್ ಪಡೆದು ಕರೆ ಮಾಡಿದೆವು. ಆ ಯುವಕ ಈಗ ಹುಬ್ಬಳ್ಳಿಯಲ್ಲಿದ್ದಾನೆ. ಹೆಸರು ಹೇಳುತ್ತಲೇ ಗುರುತು ಹಿಡಿದು, “ಟೈಲ್ಸ್ ಎದ್ದಿದೆಯೇ ಚಾಚಾ?” ಎಂದು ಗಾಬರಿಯಿಂದ ಕೇಳಿದ. ಅಮ್ಮಿ ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡು ತಮ್ಮ ದಖ್ಖನಿಯಲ್ಲಿ, “ಬೇಟಾ, ಬಳೆ ಮನೆಯಲ್ಲೇ ಇತ್ತು” ಎಂದರು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಬಳೆ ಸಿಕ್ಕಿದ ವಿಷಯ ಈ ಎರಡು ವರ್ಷ ಅವನಿಗೆ ಗೊತ್ತೇ ಇರಲಿಲ್ಲ.