ಊರನ್ನು ಕೇಳಿದ ಹದಿನೆಂಟು ದಿನ

ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಸಲು ಯಾರಿಗೂ ನಾಚಿಕೆಯಿಲ್ಲ. ರಾಗಿ ಕೊಯ್ಲಿಗೆ ಮುಯ್ಯಾಳು ಕರೆಯಲೂ ಸಂಕೋಚವಿಲ್ಲ. ಆದರೆ ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ "ಕಷ್ಟದಲ್ಲಿದ್ದೀವಿ, ಕೈ ಹಿಡೀರಿ" ಅನ್ನಲು ನಾಲಿಗೆ ಏಳುವುದಿಲ್ಲ. ಯಾಕೆ ಹೀಗೆ ಎಂದು ನಾವು ಯೋಚಿಸುವಂತಾದದ್ದು ಕಳೆದ ಕಾರ್ತೀಕದಲ್ಲಿ. ಇಲ್ಲಿ 'ನಾವು' ಅಂದರೆ ಅತ್ತೆ, ಸೊಸೆ ಇಬ್ಬರೂ. ಆಸ್ಪತ್ರೆಯಲ್ಲಿದ್ದವರು ಒಬ್ಬರಿಗೆ ಮಗ, ಇನ್ನೊಬ್ಬರಿಗೆ ಗಂಡ.

ತುಮಕೂರು ಜಿಲ್ಲೆಯ ಸಣ್ಣ ಊರು ನಮ್ಮದು. ಮೂರೂವರೆ ಎಕರೆ ಹೊಲ, ಎರಡು ಸೀಮೆಹಸು, ಎರಡನೇ ಕ್ಲಾಸಿಗೆ ಹೋಗುವ ಮಗು. ಕೊಯ್ದು ಒಣಗಲು ಬಿಟ್ಟಿದ್ದ ರಾಗಿ ಅರಿ ಎತ್ತುವಾಗ ನಮ್ಮ ಮನೆಯವರ ಕೈಗೆ ಕೊಳಕುಮಂಡಲ ಕಚ್ಚಿತು. ಮಂತ್ರ ಹಾಕಿಸಿ ಅಂದರು ಒಬ್ಬರು, ತೋಳಿಗೆ ಹಗ್ಗ ಬಿಗೀರಿ ಅಂದರು ಇನ್ನೊಬ್ಬರು. ಎರಡನ್ನೂ ಬಿಟ್ಟು ಪಕ್ಕದ ಮನೆಯವರ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆ ಸೇರಿದೆವು. ಅಲ್ಲಿ ಒಣಗಿದ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟರು. ಆಮೇಲೆ ವಾಲಿಸಿದರೆ ಹೆಪ್ಪುಗಟ್ಟಿರಬೇಕಿದ್ದ ರಕ್ತ ನೀರಿನ ಹಾಗೆ ಹರಿಯಿತು. ವಿಷ ರಕ್ತಕ್ಕೆ ಸೇರಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಮದ್ದಿಗೆ ದುಡ್ಡಿಲ್ಲ. ಹತ್ತು ಸೀಸೆ ಹಾಕಿ, 108 ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು.

ಮೂರನೇ ದಿನ ಮೂತ್ರ ನಿಂತಿತು. ಕೊಳಕುಮಂಡಲದ ವಿಷ ಕಿಡ್ನಿಗೂ ಏಟು ಕೊಡುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಡಯಾಲಿಸಿಸ್ ಶುರುವಾಯಿತು. "ರಕ್ತ ಕಮ್ಮಿ ಇದೆ, ಮೂರು ಯೂನಿಟ್ ಬೇಕು. ಇವರದು ಓ ನೆಗೆಟಿವ್, ಸುಲಭಕ್ಕೆ ಸಿಗಲ್ಲ, ನೀವೂ ಹುಡುಕಿ" ಅಂದರು. ಓ ನೆಗೆಟಿವ್ ಇರುವವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು.

ಆ ರಾತ್ರಿ ವಾರ್ಡಿನ ಹೊರಗೆ ನಮ್ಮಿಬ್ಬರಲ್ಲೇ ಜಗಳವಾಯಿತು. "ನಾವು ನಾಲ್ಕು ಜನಕ್ಕೆ ಕೊಟ್ಟ ಮನೆಯೋರು. ಊರೋರ ಮುಂದೆ ಕೈಯೊಡ್ಡೋದಾ? ಹಸು ಮಾರೋಣ" ಅಂದರು ಅತ್ತೆ. "ಹಸು ಮಾರಿದ್ರೆ ದುಡ್ಡು ಬರುತ್ತತ್ತೆ, ರಕ್ತ ಬರಲ್ಲ. ಅವರು ಮನೆಗೆ ಬಂದ ಮೇಲೆ ಹಾಲು ಯಾರು ಕೊಡ್ತಾರೆ?" ಅಂದಳು ಸೊಸೆ. ಅತ್ತೆ ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ, "ಬರಿ. ಆದ್ರೆ ಅಳ್ತಾ ಬರೀಬೇಡ" ಅಂದರು.

ಪತ್ರಿಕೋದ್ಯಮದ ಪಾಠ ಆವತ್ತು ಕೆಲಸಕ್ಕೆ ಬಂತು. ಯಾರಿಗೆ, ಏನಾಗಿದೆ, ಎಲ್ಲಿ, ಏನು ಬೇಕು, ಯಾವಾಗೊಳಗೆ. ಊರಿನ ವಾಟ್ಸಾಪ್ ಗುಂಪಿಗೆ ಹೀಗೆ ಕಳಿಸಿದೆವು:

"ನಮ್ಮ ಮನೆಯವರಿಗೆ ಹಾವು ಕಚ್ಚಿ ಕಿಡ್ನಿ ಕೆಲಸ ನಿಂತಿದೆ. ಡಯಾಲಿಸಿಸ್ ನಡೆದಿದೆ. ನಾಳೆ ಸಂಜೆಯೊಳಗೆ ಓ ನೆಗೆಟಿವ್ ರಕ್ತ ಮೂರು ಯೂನಿಟ್ ಬೇಕು. ಹಸು ಕರೆದು ಡೈರಿಗೆ ಹಾಲು ಹಾಕುವವರು ಬೇಕು. ಹೊಲದಲ್ಲಿ ಬಿಟ್ಟ ರಾಗಿ ಮೆದೆ ಹಾಕಬೇಕು. ಮಗುವನ್ನು ಸ್ಕೂಲಿಗೆ ಕಳಿಸಬೇಕು. ದುಡ್ಡು ಎಷ್ಟು ಬೇಕೆಂದು ತಿಳಿದಾಗ ಹೇಳುತ್ತೇವೆ."

ಬೆಳಿಗ್ಗೆ ಆರಕ್ಕೆ ಮೊದಲ ಫೋನು. "ಹಾಲು ಹಾಕಾಯ್ತು, ಕೆಂದಹಸು ಒದೀತದೆ ಅಂತ ಹೇಳ್ಬಾರ್ದಾ?" ಎಷ್ಟೋ ದಿನದ ಮೇಲೆ ನಾವಿಬ್ಬರೂ ನಕ್ಕೆವು.

ರಕ್ತ ಕೊಡಲು ಮೊದಲು ಬಂದವರು ಪಕ್ಕದ ಹೋಬಳಿಯ ಲೈನ್‌ಮನ್. ಆಮೇಲೆ ರಾತ್ರಿ ಪಾಳಿ ಮುಗಿಸಿದ ಬಸ್ ಕಂಡಕ್ಟರ್. ಆದರೆ ನಿದ್ದೆಗೆಟ್ಟಿದ್ದಾರೆಂದು ಅವರನ್ನು ಮಧ್ಯಾಹ್ನದವರೆಗೆ ಮಲಗಿಸಿದರು. ಒಬ್ಬ ಕಾಲೇಜು ಹುಡುಗಿಗೆ ಹಿಮೋಗ್ಲೋಬಿನ್ 11 ಇತ್ತು. ಕನಿಷ್ಠ 12.5 ಇರಲೇಬೇಕೆಂದು ವಾಪಸ್ ಕಳಿಸಿದಾಗ ಅತ್ತೇಬಿಟ್ಟಳು. ಮನೆಗೆ ಹೋಗದೆ ಅಲ್ಲೇ ಕೂತು ಫೋನ್ ಮಾಡಿ ಮೂರನೆಯವರನ್ನು ಹುಡುಕಿದವಳೂ ಅವಳೇ. ಗೇಟಿನ ಹೊರಗೆ ಒಬ್ಬ "ದುಡ್ಡು ಕೊಟ್ರೆ ರಕ್ತ ತರಿಸ್ತೀನಿ" ಅಂದ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರಿಂದ ದೇಶದಲ್ಲಿ ದುಡ್ಡಿಗೆ ರಕ್ತ ಮಾರುವುದು ನಿಂತಿದೆ. ಅವನನ್ನು ದೂರವೇ ಇಟ್ಟೆವು.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಅದರಿಂದ ದೊಡ್ಡ ಭಾರ ಇಳಿಯಿತು. ಆದರೂ ಊಟ, ಬಸ್ಸು, ಹೊರಗೆ ಬರೆದ ಔಷಧಿ, ಇಬ್ಬರ ಕೂಲಿ ಹೋದದ್ದು ಯಾವ ಕಾರ್ಡಿಗೂ ಸೇರುವುದಿಲ್ಲ. ಐದನೇ ದಿನ ಮೊತ್ತ ಲೆಕ್ಕ ಹಾಕಿ ಹೇಳಿದೆವು: 40,000. ಮಹಿಳಾ ಸಂಘದವರು 10,000 ಸಾಲ ಕೊಟ್ಟರು. ಮಿಕ್ಕದ್ದು 63 ಜನರಿಂದ ಬಂತು. ಎಲ್ಲರ ಹೆಸರೂ ಮಗುವಿನ ಹಳೇ ನೋಟ್‌ಬುಕ್ಕಿನಲ್ಲಿದೆ. ವಾರಕ್ಕೊಮ್ಮೆ ಖರ್ಚಿನ ಪುಟದ ಫೋಟೋ ತೆಗೆದು ಅದೇ ಗುಂಪಿಗೆ ಹಾಕುತ್ತಿದ್ದೆವು. 40,000 ತುಂಬಿದ ದಿನ "ಸಾಕು, ಇನ್ನು ಕಳಿಸಬೇಡಿ" ಎಂದೂ ಬರೆದೆವು.

ಪಟ್ಟಿಯಲ್ಲಿ ಕಡಿಮೆ ಮೊತ್ತ 20 ರೂಪಾಯಿ. ಸೊಪ್ಪು ಮಾರುವ ಅಜ್ಜಿಯದು. ಅತ್ತೆ ಬೇಡವೆಂದರೆ, "ನನ್ ಮಗಳ ಬಾಣಂತನಕ್ಕೆ ತುಪ್ಪ ಕೊಟ್ಟಿದ್ದೆ, ಮರ್ತ್ಯೇನವ್ವ?" ಅಂದರಂತೆ. ಹತ್ತಿರದ ನೆಂಟರೊಬ್ಬರು ಹದಿನೆಂಟು ದಿನವೂ ಫೋನ್ ಎತ್ತಲಿಲ್ಲ. ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವರ ಮನೆಯ ಕಷ್ಟ ನಮಗೇನು ಗೊತ್ತು ಎಂದು ಅತ್ತೆಯೇ ಆ ಮಾತು ಮುಗಿಸಿದರು.

ಏಳು ಡಯಾಲಿಸಿಸ್ ಆದ ಮೇಲೆ ಮೂತ್ರ ಮತ್ತೆ ಶುರುವಾಯಿತು. ಹದಿನೆಂಟನೇ ದಿನ ಮನೆಗೆ ಬಂದರು. ಈಗಲೂ ಮೂಟೆ ಎತ್ತುವ ಹಾಗಿಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಸಂಘದ ಸಾಲ ವಾರ ವಾರ ತೀರುತ್ತಿದೆ.

ಇಂಥ ಹೊತ್ತು ಯಾರ ಮನೆಗೂ ಬರಬಹುದು. ಬಂದರೆ ಮುಚ್ಚಿಡಬೇಡಿ. ಬರೀ "ಸಹಾಯ ಮಾಡಿ" ಅಂದರೆ ಜನಕ್ಕೆ ಏನು ಮಾಡಬೇಕೆಂದು ತೋಚುವುದಿಲ್ಲ. ಹಾಲು ಕರೀಬೇಕು, ಮಗುವಿಗೆ ಊಟ ಹಾಕಬೇಕು ಎಂದು ಕೆಲಸದ ಹೆಸರು ಹೇಳಿ. ದುಡ್ಡಿಲ್ಲದವರೂ ಕೈ ಹಾಕುತ್ತಾರೆ. ಲೆಕ್ಕ ಬರೆದಿಡಿ, ತೋರಿಸಿ. ಮನೆಯಲ್ಲಿ ಯಾರದು ಯಾವ ರಕ್ತದ ಗುಂಪೆಂದು ಇವತ್ತೇ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ನಿಮ್ಮದು ಓ ನೆಗೆಟಿವ್ ಆಗಿದ್ದರೆ ಊರಿನ ನಾಲ್ಕು ಜನಕ್ಕೆ ತಿಳಿಸಿ. ಯಾವುದೋ ವಾರ್ಡಿನ ಹೊರಗೆ ಯಾರೋ ನಿಮ್ಮನ್ನು ಹುಡುಕುತ್ತಿರಬಹುದು.